ರಜೆಯಲ್ಲಿದ್ದಾಗ ಸೇನೆಯ ಯೂನಿಟ್ ವಾಪಸ್ ಕರೆದರೆ, ಮನೆಯಲ್ಲಿ ಕಷ್ಟ ಇದ್ದರೆ

ನಮ್ಮ ದೇಶದಲ್ಲಿ ಯಾರನ್ನೂ ಬಲವಂತವಾಗಿ ಸೇನೆಗೆ ಸೇರಿಸುವುದಿಲ್ಲ. ಆದರೆ ಸೇರಿದ ಮೇಲೆ ಕರೆದಾಗ ಹೋಗಲೇಬೇಕು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ರಜೆಗೆ ಬಂದಿದ್ದ ಎಷ್ಟೋ ಹುಡುಗರು ಅರ್ಧಕ್ಕೇ ಬ್ಯಾಗ್ ಕಟ್ಟಿ ಹೊರಟರು. ಅಂಥ ದಿನವೇ ಅಮ್ಮ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮಲಗಿದ್ದು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ?

ಮೊದಲು ಫೋನ್ ಎತ್ತಿ. ಸ್ವಿಚ್ ಆಫ್ ಮಾಡಿ ಸುಮ್ನೆ ಕೂತರೆ ಕೆಲಸ ಕೆಡ್ತು ಅಂತಲೇ ಲೆಕ್ಕ. 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಪಡೆ ಯುದ್ಧಕ್ಕೆ ಹೊರಡುತ್ತಿದೆ ಅಂತ ತಿಳಿದ ಮೇಲೂ ಸರಿಯಾದ ಕಾರಣವಿಲ್ಲದೆ ತಡಮಾಡಿದವರಿಗೆ 3 ವರ್ಷದವರೆಗೆ ಜೈಲು. ಓಡಿಹೋದವನು ಅಂತಾದರೆ 38ನೇ ಸೆಕ್ಷನ್, ಯುದ್ಧದ ಹೊತ್ತಲ್ಲಿ ಅದು ಮರಣದಂಡನೆವರೆಗೂ ಹೋಗಬಹುದು. ಹಾಗಾಗಿ ಕಾರಣ ಇದ್ದರೆ ಕಾಗದದಲ್ಲಿ ಹೇಳಿ, ವಾಪಸ್ ಬರಲು ಹೇಳಿದ ದಿನಕ್ಕೆ ಮುಂಚೆಯೇ ಹೇಳಿ.

ಇನ್ನಷ್ಟು ದಿನ ರಜೆ ಕೇಳುವ ಅರ್ಜಿ, ಯೂನಿಟ್‌ನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್ ಹೆಸರಿಗೆ. 'ತಾಯಿಗೆ ಹುಷಾರಿಲ್ಲ' ಅಂತ ಒಂದು ಸಾಲು ಗೀಚಿದರೆ ನಡೆಯಲ್ಲ. ಇಂಥ ತಾರೀಖು ಬಿದ್ದು ಸೊಂಟದ ಮೂಳೆ ಮುರಿದಿದೆ, ಇಂಥ ದಿನ ಆಪರೇಷನ್, ಅಪ್ಪ ಇಲ್ಲ, ತಂಗಿಯನ್ನು ದೂರದ ಊರಿಗೆ ಕೊಟ್ಟಿದೆ, 10 ದಿನ ಬೇಕು, ಹೀಗೆ ಬರೆಯಿರಿ. ಸುಮ್ನೆ ಒಂದು ತಿಂಗಳು ಕೇಳಬೇಡಿ. ಆಸ್ಪತ್ರೆ ಚೀಟಿ, ಡಾಕ್ಟರ್ ಸಹಿ ಮಾಡಿದ ಪತ್ರ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ತೋರಿಸುವ ರೇಷನ್ ಕಾರ್ಡ್ ಜೊತೆಗಿರಲಿ. ನಾನೊಮ್ಮೆ ಅವಸರದಲ್ಲಿ ಡಾಕ್ಟರ್ ಪತ್ರದ ಫೋಟೋ ತೆಗೆದು ಕಳಿಸಿದ್ದೆ, ಕೆಳಗಿನ ಸೀಲೇ ಕಟ್ಟಾಗಿತ್ತು. ಅದನ್ನೇ ಮತ್ತೆ ಕಳಿಸುವಷ್ಟರಲ್ಲಿ ಎರಡು ದಿನ ಹೋಯಿತು.

ಹಾಸನದ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೂ ಒಂದು ಪ್ರತಿ ಕೊಟ್ಟು ಬನ್ನಿ. ಅಲ್ಲಿನ ಜಿಲ್ಲಾ ಸೈನಿಕ ಮಂಡಳಿಗೆ ಡಿಸಿಯೇ ಅಧ್ಯಕ್ಷರು, ನೀವು ಹೊರಟ ಮೇಲೆ ಮನೆಯವರು ಕಷ್ಟ ಹೇಳಿಕೊಳ್ಳಲು ಅದೊಂದು ಬಾಗಿಲು. ನಾಲ್ಕು ವರ್ಷಕ್ಕೆ ಅಂತ ಸೇರಿದ ಅಗ್ನಿವೀರರಿಗೆ ವರ್ಷಕ್ಕೆ 30 ದಿನವಷ್ಟೇ ರಜೆ, ಅದರಲ್ಲೇ ಲೆಕ್ಕ ಹಾಕಬೇಕು ಪಾಪ. ಸೇವೆಯನ್ನೇ ಬಿಟ್ಟು ಬರುವ ಅರ್ಜಿ ಬೇರೆ ವಿಷಯ. ಅದನ್ನು ಇದರ ಜೊತೆ ಬೆರೆಸಬೇಡಿ.

ಅರ್ಜಿ ಹೋಯಿತು ಅಂದ ಮಾತ್ರಕ್ಕೆ ರಜೆ ಮುಂದುವರಿಯಿತು ಅಂತಲ್ಲ. ಉತ್ತರ ಬರಬೇಕು. ಬರದಿದ್ದರೆ ನೀವೇ ಮತ್ತೆ ಫೋನ್ ಮಾಡಿ ಕೇಳಿ. ಆಗಲ್ಲ ಅಂದರೆ ಹೊರಡಿ, ಅಲ್ಲಿ ಹಾಜರಾಗಿ ಮತ್ತೆ ಕೇಳಿಕೊಳ್ಳಬಹುದು. ಹೊರಡುವಾಗ ಸೇನಾ ಆಸ್ಪತ್ರೆಯಲ್ಲಿ ತೋರಿಸಬೇಕಾದ ಅಮ್ಮನ ಡಿಪೆಂಡೆಂಟ್ (ಅವಲಂಬಿತರ) ಕಾರ್ಡನ್ನು ನಿಮ್ಮ ಪರ್ಸ್‌ನಲ್ಲೇ ಇಟ್ಟುಕೊಂಡು ಹೋಗಬೇಡಿ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಕರೆದುಕೊಂಡು ಹೋಗುವವರ ಕೈಗೆ ಕೊಟ್ಟು ಹೋಗಿ.