ಮನೆಮಂದಿಗೆಲ್ಲ ಒಂದೇ ಟ್ಯಾಬ್: ವಿಜಯಪುರದ ಬಿಸಿಲಲ್ಲಿ ಬಾಳಿಕೆ ಬರುವಂತೆ ಹೊಂದಿಸುವ ಬಗೆ

ಮುಂಜಾನೆ ಅಜ್ಜ ಪ್ರವಚನ ಕೇಳುತ್ತಾರೆ, ಹನ್ನೊಂದಕ್ಕೆ ಯಾರೋ ಪಹಣಿ ನೋಡುತ್ತಾರೆ, ಸಂಜೆ ಮಕ್ಕಳು ಗಣಿತ ಬಿಡಿಸಲು ಕೂಡುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಒಂದೇ ಟ್ಯಾಬ್ ದಿನಕ್ಕೆ ನಾಲ್ಕೈದು ಕೈ ದಾಟುತ್ತದೆ. ಅದನ್ನು ಒಬ್ಬರ ಫೋನಿನಂತೆ ಸೆಟ್ ಮಾಡಿಟ್ಟರೆ ಮಕ್ಕಳ ಕೈಗೆ ದೊಡ್ಡವರ ವಾಟ್ಸಾಪ್ ಸಿಗುತ್ತದೆ, ಅಜ್ಜನ ಬೆರಳು ತಾಗಿ ಪಾಠ ಅಳಿಸಿಹೋಗುತ್ತದೆ.

ಕೊಳ್ಳುವಾಗ ಅಳತೆ ಗಮನಿಸಿ. ಎ4 ಹಾಳೆಯ ಪಿಡಿಎಫ್ ಪುಟವನ್ನು 11 ಇಂಚಿನ ಟ್ಯಾಬ್ ನೆಟ್ಟಗೆ ಹಿಡಿದಾಗ ಮೂಲದ ಸುಮಾರು ಶೇ 70ರಷ್ಟು ಅಳತೆಯಲ್ಲಿ ತೋರಿಸುತ್ತದೆ. 8.7 ಇಂಚಿನದರಲ್ಲಿ ಅದೇ ಪುಟ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಓದಿಗೆ ಬೇಕಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಮೂವರು ಬಳಸುವುದಾದರೆ 128 ಜಿಬಿ ಇರಲಿ, ಏಕೆಂದರೆ ಪ್ರತಿಯೊಬ್ಬರ ಖಾತೆಯೂ ಬೇರೆ ಜಾಗ ತಿನ್ನುತ್ತದೆ. ತೋಟಕ್ಕೂ ಒಯ್ಯುವವರು ಸಿಮ್ ಇರುವುದನ್ನು ಆರಿಸಲಿ. ಮನೆಯಲ್ಲೇ ಇರುವುದಕ್ಕೆ ಫೋನಿನ ಹಾಟ್‌ಸ್ಪಾಟ್ ಸಾಕು. ಗೋಡೆ ದಪ್ಪ ಇರುವ ಹಳೆಯ ಮನೆಗಳಲ್ಲಿ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಒಳಕೋಣೆ ತಲುಪುವಷ್ಟರಲ್ಲಿ ಸೋತುಬಿಡುತ್ತದೆ.

ಮೊದಲು ಖಾತೆಗಳನ್ನು ಬೇರೆ ಮಾಡಿ. ಆಂಡ್ರಾಯ್ಡ್‌ನಲ್ಲಿ ಸೆಟಿಂಗ್ಸ್, ಸಿಸ್ಟಮ್, ಮಲ್ಟಿಪಲ್ ಯೂಸರ್ಸ್ ಎಂಬ ದಾರಿ ಹಿಡಿದರೆ ಹೊಸ ಬಳಕೆದಾರರನ್ನು ಸೇರಿಸಬಹುದು. ಕೆಲವು ಕಂಪನಿಗಳು ಇದನ್ನು ಬೇರೆ ಕಡೆ ಇಟ್ಟಿರುತ್ತವೆ, ಸೆಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಯೂಸರ್’ ಎಂದು ಇಂಗ್ಲಿಷಿನಲ್ಲಿ ಹೊಡೆದು ನೋಡಿ. ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ, ಅಂಗಡಿಯಲ್ಲೇ ತೆರೆಸಿ ನೋಡಿ ಕೊಳ್ಳಿ. ದೊಡ್ಡವರಿಗೆ ಒಂದು, ಮಕ್ಕಳಿಗೆ ಒಂದು, ಎರಡು ಖಾತೆ ಸಾಕು. ದೊಡ್ಡವರದಕ್ಕೆ ಪಿನ್ ಹಾಕಿ. ಮಕ್ಕಳ ಖಾತೆಯನ್ನು ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಪಾಲಕರ ಫೋನಿಗೆ ಜೋಡಿಸಿದರೆ ಹೊತ್ತಿನ ಮಿತಿ ಅಲ್ಲಿಂದಲೇ ಹಾಕಬಹುದು.

ಅಜ್ಜ, ಆಯಿಗೆ ಬೇರೆ ಖಾತೆ ಬೇಡ. ಅವರಿಗೆ ಬೇಕಾದ ಆ್ಯಪ್ ತೆರೆದು ಅಲ್ಲೇ ‘ಪಿನ್’ ಮಾಡಿ ಕೊಡಿ. ಸೆಕ್ಯುರಿಟಿ ವಿಭಾಗದಲ್ಲಿ ‘ಆ್ಯಪ್ ಪಿನ್ನಿಂಗ್’ ಎಂದಿರುತ್ತದೆ. ಆಗ ಬೆರಳು ಎಲ್ಲಿ ತಾಗಿದರೂ ಬೇರೆ ಆ್ಯಪ್‌ಗೆ ಹೋಗುವುದಿಲ್ಲ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಅಕ್ಷರದ ಅಳತೆಯ ಜತೆ ‘ಡಿಸ್‌ಪ್ಲೇ ಸೈಜ್’ ಕೂಡ ಹೆಚ್ಚಿಸಿ. ಅಕ್ಷರ ಮಾತ್ರ ಹಿಗ್ಗಿಸಿದರೆ ಒತ್ತುವ ಗುಂಡಿಗಳು ಸಣ್ಣವೇ ಉಳಿಯುತ್ತವೆ. ಬರೆಯುವ ಬದಲು ಕೀಬೋರ್ಡಿನ ಮೈಕ್ ಒತ್ತಿ ಮಾತಾಡುವುದು ಅವರಿಗೆ ಸಲೀಸು. ‘ಹೊಂಟೀನಿ’, ‘ಏನ್ ಮಾಡಾಕತ್ತೀ’ ಅಂದರೆ ಅದು ತಪ್ಪು ಬರೆಯುವುದೇ ಹೆಚ್ಚು. ಪುಸ್ತಕದ ಕನ್ನಡದಲ್ಲಿ, ಸಣ್ಣ ಸಣ್ಣ ವಾಕ್ಯ ಮಾಡಿ ಹೇಳಬೇಕಾಗುತ್ತದೆ. ಇದು ನಮ್ಮ ಮಾತಿನ ತಪ್ಪಲ್ಲ, ಯಂತ್ರದ ಕಲಿಕೆ ಕಡಿಮೆ.

ಪಹಣಿ ನೋಡಲು ಫೋನಿಗಿಂತ ಟ್ಯಾಬ್ ಎಷ್ಟೋ ಮೇಲು. ಟ್ಯಾಬನ್ನು ಅಡ್ಡ ಹಿಡಿದು, ಬ್ರೌಸರಿನ ಮೂರು ಚುಕ್ಕೆಯಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆರಿಸಿ ರಾಜ್ಯದ ಜಮೀನು ದಾಖಲೆಗಳ ತಾಣ ‘ಭೂಮಿ’ ತೆರೆಯಿರಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆದಮೇಲೆ ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಉಪಗುರುತು), ಹಿಸ್ಸಾ (ಪಾಲಿನ ಸಂಖ್ಯೆ) ಕೇಳುತ್ತದೆ. ಸರ್ನೋಕ್‌ನಲ್ಲಿ ಬಹುತೇಕ ನಕ್ಷತ್ರದ ಗುರುತಷ್ಟೇ ಇರುತ್ತದೆ, ಅದನ್ನೇ ಆರಿಸಬೇಕು. ಒಟಿಪಿ ಬೇಡುವ ಯಾವುದೇ ಕೆಲಸಕ್ಕೆ ಫೋನು ಪಕ್ಕದಲ್ಲಿರಲಿ. ಯುಪಿಐ ಆ್ಯಪನ್ನಂತೂ ಎಲ್ಲರ ಕೈಗೆ ಸಿಗುವ ಟ್ಯಾಬಿನಲ್ಲಿ ಹಾಕಲೇಬೇಡಿ.

ಹವಾಮಾನಕ್ಕೆ ಮೇಘದೂತ್ ಆ್ಯಪ್ ಇದೆ, ಬೆಳೆ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊಸದಾಗುತ್ತದೆ. ದ್ರಾಕ್ಷಿ ಎಲೆಯ ರೋಗ ತೋರಿಸಲು ಟ್ಯಾಬಿನ ಕ್ಯಾಮೆರಾ ನೆಚ್ಚಬೇಡಿ, ಫೋನಿನಲ್ಲಿ ತೆಗೆದು ಟ್ಯಾಬಿನಲ್ಲಿ ಹಿಗ್ಗಿಸಿ ನೋಡಿ. ಎಲೆಯ ಎರಡೂ ಮಗ್ಗುಲು ತೆಗೆಯಲೇಬೇಕು. ಡೌನಿ ರೋಗದಲ್ಲಿ ಮೇಲೆ ಎಣ್ಣೆಕಲೆ, ಕೆಳಗೆ ಬಿಳಿ ಬೂಸ್ಟು ಇರುತ್ತದೆ. ಮೇಲಿನದೊಂದೇ ನೋಡಿ ಯಾರೂ ಖಚಿತ ಹೇಳಲಾರರು.

ಇನ್ನು ಬಿಸಿಲು. ಹೆಚ್ಚಿನ ತಯಾರಕರು ಟ್ಯಾಬ್ ಬಳಸಲು ಹೇಳುವ ಮಿತಿ 35 ಡಿಗ್ರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ 40 ದಾಟುತ್ತದೆ, ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಅದಕ್ಕಿಂತ ಹೆಚ್ಚು. ಟ್ಯಾಬಿಗೆ ಫ್ಯಾನ್ ಇಲ್ಲ, ಬೆನ್ನಿನ ಮೂಲಕವೇ ಕಾವು ಹೊರಹೋಗಬೇಕು. ಹಾಸಿಗೆ ಮೇಲಿಟ್ಟು ದಪ್ಪ ಕವರಿನಲ್ಲಿ ವಿಡಿಯೊ ಹಚ್ಚಿದರೆ ಪರದೆ ತಾನೇ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ಬ್ಯಾಟರಿ ಉಳಿಸಿಕೊಳ್ಳಲು ಅದು ಮಾಡುವ ಕೆಲಸ. ಕವರ್ ತೆಗೆದು, ಆಫ್ ಮಾಡಿ, ಫರಸಿ ನೆಲದ ಮೇಲೆ ಅರ್ಧ ತಾಸು ಇಡಿ. ಫ್ರಿಜ್‌ನಲ್ಲಿ ಇಟ್ಟರೆ ಒಳಗೆ ನೀರಹನಿ ಕಟ್ಟಿ ಬೋರ್ಡ್ ಹೋಗುತ್ತದೆ.

ಚಾರ್ಜಿಂಗನ್ನು ಬೆಳಗಿನ ಜಾವಕ್ಕೋ ರಾತ್ರಿ ಹತ್ತರ ಮೇಲೋ ಇಟ್ಟುಕೊಳ್ಳಿ, ಬ್ಯಾಟರಿ ಶೇ 20ರಿಂದ 80ರ ನಡುವೆ ಇರಲಿ. 8000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 31 ವ್ಯಾಟ್-ಅವರ್ ಹಿಡಿಯುತ್ತದೆ. 15 ವ್ಯಾಟ್ ಚಾರ್ಜರಿನಲ್ಲಿ ಎರಡೂವರೆಯಿಂದ ಮೂರು ತಾಸು, 10 ವ್ಯಾಟ್‌ನಲ್ಲಿ ನಾಲ್ಕು ತಾಸು ಬೇಕು. ಹಳೆಯ ಫೋನಿನ 5 ವ್ಯಾಟ್ ಚಾರ್ಜರ್ ಸಿಕ್ಕಿಸಿ ವಿಡಿಯೊ ನೋಡುತ್ತ ಕೂತರೆ ಏರಿದ್ದೆಲ್ಲ ಅಲ್ಲೇ ಖರ್ಚು. ‘ಚಾರ್ಜ್ ಏರವಲ್ದು’ ಎಂದು ರಿಪೇರಿಗೆ ಒಯ್ಯುವ ಮುನ್ನ ಚಾರ್ಜರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪ್ ಗುಣಿಸಿ ನೋಡಿ, ಬರುವುದೇ ಅದರ ವ್ಯಾಟ್. ಅದು ಸರಿ ಇದ್ದರೆ ಬೇರೆ ಕೇಬಲ್ ಹಾಕಿ. ತೋಟದ ಮನೆಯಲ್ಲಿ ಮೋಟಾರಿನ ಸ್ಟಾರ್ಟರ್ ಇರುವ ಬೋರ್ಡಿಗೆ ಚಾರ್ಜರ್ ಹಚ್ಚಬೇಡಿ, ಮೋಟಾರ್ ಶುರು-ಬಂದ್ ಆಗುವಾಗಿನ ವೋಲ್ಟೇಜ್ ಹೊಡೆತ ಅದಕ್ಕೆ ತಾಗುತ್ತದೆ.

ರೊಟ್ಟಿ ಬಡಿಯುವಲ್ಲಿ ಇಡುವುದಾದರೆ ಜಿಪ್ ಇರುವ ತೆಳು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬೆರಳು ಅದರ ಮೇಲಿಂದಲೂ ಕೆಲಸ ಮಾಡುತ್ತದೆ. ಚಾರ್ಜಿಂಗ್ ತೂತಿಗೆ ಜೋಳದ ಹಿಟ್ಟು, ಧೂಳು ತುಂಬಿದರೆ ಟ್ಯಾಬ್ ಆಫ್ ಮಾಡಿ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು ಬೇಡ, ಒಳಗಿನ ತಗಡು ಬಾಗುತ್ತದೆ.

ಟಿವಿಯಂತೆ ದಿನವಿಡೀ ಚಾರ್ಜರಿಗೆ ಕಟ್ಟಿಹಾಕಿದ ಟ್ಯಾಬಿನ ಪರದೆಯ ಅಂಚು ಎದ್ದು ಬಂದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಕೂಡಲೇ ಚಾರ್ಜರ್ ಬಿಚ್ಚಿ, ಆಫ್ ಮಾಡಿ, ಒತ್ತಿ ಕೂರಿಸಲು ಹೋಗದೆ, ಮಕ್ಕಳಿಂದ ದೂರ ಕಲ್ಲಿನ ಮೇಲಿಟ್ಟು ಸರ್ವಿಸ್ ಸೆಂಟರಿಗೆ ಮುಟ್ಟಿಸಿ. ತಿಪ್ಪೆಗೆ ಎಸೆಯಬೇಡಿ, ಕಸದ ಜತೆ ಸುಡಲೂಬೇಡಿ. ಬೆಂಕಿ ತಾಗಿದರೆ ಅದು ಸಿಡಿಯುತ್ತದೆ.