ಮೇಲೆ ಯಾವುದು, ಕೆಳಗೆ ಯಾವುದು: ಹಾಡಿಗೆ ಚಿತ್ರ ಕುಣಿಸಿದ ನನ್ನ ಅನುಭವ

ಕಂಪ್ಯೂಟರಿನಲ್ಲಿ ಹಾಡು ಕೇಳಲು ವಿನ್‌ಆ್ಯಂಪ್ ಬಳಸಿದವರಿಗೆ ಅದರ ಜೊತೆಗಿದ್ದ ಎವಿಎಸ್ ಎಂಬ ಪ್ಲಗಿನ್ ನೆನಪಿರಬಹುದು. ಹಾಡು ಹಾಕಿದರೆ ಪುಟ್ಟ ವಿಂಡೋದಲ್ಲಿ ಗೆರೆ, ಬಣ್ಣ ಎಲ್ಲ ಕುಣಿಯುತ್ತಿದ್ದವು. ತುಂಬಾ ಜನ ಸುಮ್ನೆ ನೋಡಿ ಖುಷಿಪಟ್ಟರು. ನಾನು ಅದರ ಎಡಿಟರ್ ತೆರೆದೆ. ಈ ಹುಚ್ಚು ಹತ್ತಿದ್ದು ಅಲ್ಲೇ.

ಎಡಿಟರಿನಲ್ಲಿ ಇದ್ದದ್ದು ಒಂದು ಪಟ್ಟಿ. ಅದರಲ್ಲಿ ಒಂದೊಂದು ಸಾಲೂ ಒಂದು ಮಾಡ್ಯೂಲ್. ಒಂದು ಗೆರೆ ಎಳೆಯುತ್ತದೆ, ಇನ್ನೊಂದು ಮಸುಕು ಮಾಡುತ್ತದೆ, ಮತ್ತೊಂದು ಇಡೀ ಚಿತ್ರವನ್ನು ಹಿಗ್ಗಿಸುತ್ತದೆ. ಪ್ರತಿ ಫ್ರೇಮಿಗೂ ಪಟ್ಟಿ ಮೇಲಿನಿಂದ ಕೆಳಕ್ಕೆ ಒಂದು ಸಲ ಓಡುತ್ತದೆ. ಇಷ್ಟೇ ತಾನೇ ಎಂದುಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಪೇರಿಸಿದೆ. ಸಿಕ್ಕಿದ್ದು ಕಲಸಿದ ಕೆಸರು.

ಕೊನೆಗೆ ಎಲ್ಲ ಅಳಿಸಿ ಎರಡೇ ಮಾಡ್ಯೂಲ್ ಇಟ್ಟೆ: ಮಸುಕು ಮಾಡುವ ಬ್ಲರ್, ಮತ್ತು ಗೆರೆ ಎಳೆಯುವ ಸೂಪರ್‌ಸ್ಕೋಪಿನ ಒಂದು ವೃತ್ತ. ಪ್ರತಿ ಫ್ರೇಮಿಗೂ ಪರದೆ ಒರೆಸುವ ಆಯ್ಕೆಯ ಟಿಕ್ ತೆಗೆದೆ. ಈಗ ಹಳೆಯ ಫ್ರೇಮಿನ ಮೇಲೇ ಹೊಸದು ಬೀಳುತ್ತದೆ. ವೃತ್ತ ಮೇಲೆ, ಬ್ಲರ್ ಕೆಳಗೆ ಇದ್ದಾಗ ಆಗಷ್ಟೇ ಬರೆದ ಗೆರೆಯೂ ಮಸುಕಾಗುತ್ತಿತ್ತು. ಅದಲು ಬದಲು ಮಾಡಿದೆ. ಹಳೆಯದು ಮೊದಲು ಮಸುಕಾಯಿತು, ಅದರ ಮೇಲೆ ಹೊಸ ಗೆರೆ ಚೂಪಾಗಿ ಬಿತ್ತು. ಹಿಂದೆ ಹೊಗೆಯ ಬಾಲ, ಮುಂದೆ ಹೊಳೆಯುವ ವೃತ್ತ. ಮಾಡ್ಯೂಲ್ ಅವೇ, ಚಿತ್ರವೇ ಬೇರೆ.

ಈಗ ನೋಡ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಡಬ್ಬಿಗಳನ್ನು, ವೈರಿನಿಂದ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತೇನೆ. ನೋಡಲು ಬೇರೆ, ಒಳಗಿನ ಲೆಕ್ಕ ಅದೇ.

ಮೊದಲ ತಲೆನೋವು ಸದ್ದಿನ ಕಡೆಯದ್ದು. 44100 ಹರ್ಟ್ಜ್ ಆಡಿಯೋದಿಂದ (ಸೆಕೆಂಡಿಗೆ 44100 ಸ್ಯಾಂಪಲ್) ಒಮ್ಮೆಗೆ 1024 ಸ್ಯಾಂಪಲ್ ತೆಗೆದು ಎಫ್‌ಎಫ್‌ಟಿ, ಅಂದರೆ ಸದ್ದನ್ನು ಕಂಪನಾಂಕಗಳಾಗಿ ಬಿಡಿಸುವ ಲೆಕ್ಕ, ಮಾಡಿದರೆ ಸದ್ದು ಸುಮಾರು 43 ಹರ್ಟ್ಜ್‌ನ ಖಾನೆಗಳಾಗಿ ಒಡೆಯುತ್ತದೆ. ಕಿಕ್ ಡ್ರಮ್ಮಿನ ಹೊಡೆತ ಮೊದಲ ಒಂದೆರಡು ಖಾನೆಯಲ್ಲೇ ಸಿಗುತ್ತದೆ. ಬಾಸ್, ಅಂದರೆ ತಗ್ಗಿನ ಸದ್ದು, ಇನ್ನೂ ನಿಖರವಾಗಿ ಬೇಕೆಂದು 4096 ಸ್ಯಾಂಪಲ್ ಇಟ್ಟು ನೋಡಿದೆ. ಖಾನೆ 11 ಹರ್ಟ್ಜ್‌ಗೆ ಇಳಿಯಿತು. ಆದರೆ ಅಷ್ಟು ಸ್ಯಾಂಪಲ್ ಎಂದರೆ 93 ಮಿಲಿಸೆಕೆಂಡಿನ ಸದ್ದು. ಹೊಡೆತದ ಅಂಚೇ ಮೊಂಡಾಯಿತು, ವೃತ್ತ ತಾಳಕ್ಕೆ ತಡವಾಗಿ ಎದ್ದ ಹಾಗೆ ಕಂಡಿತು. ವಾಪಸ್ 1024ಕ್ಕೇ ಬಂದೆ.

ಬಾಸ್ ಖಾನೆಯಲ್ಲಿ ಸದ್ದು ಎಷ್ಟು ಜೋರಿದೆ ಎಂಬ ಅಂಕಿಯನ್ನು ನೇರವಾಗಿ ವೃತ್ತದ ಗಾತ್ರಕ್ಕೆ ಜೋಡಿಸಿದಾಗ ಅದು ಚಳಿಜ್ವರ ಬಂದವರ ಹಾಗೆ ನಡುಗಿತು. ಸರಾಸರಿ ತೆಗೆದೆ, ನಡುಕ ನಿಂತಿತು, ಜೊತೆಗೆ ಜೀವವೂ ಹೋಯಿತು. ಆಮೇಲೆ ಏರುವುದಕ್ಕೂ ಇಳಿಯುವುದಕ್ಕೂ ಬೇರೆ ಬೇರೆ ವೇಗ ಕೊಟ್ಟೆ. ಏರುವಾಗ ತಟ್ಟನೆ, ಇಳಿಯಲು ಸುಮಾರು 300 ಮಿಲಿಸೆಕೆಂಡು. ಗಂಟೆ ಹೊಡೆದರೆ ಸದ್ದು ಹೀಗೇ ಅಲ್ವಾ? ಕಣ್ಣೂ ಅದನ್ನೇ ಬಯಸುತ್ತದೆ ಅಂತ ನನಗನಿಸುತ್ತದೆ.

ಇನ್ನೊಂದು ತಪ್ಪು, ಇದನ್ನು ಹೊಸಬರೆಲ್ಲ ಮಾಡುತ್ತಾರೆ: ಎಲ್ಲ ಪದರಗಳನ್ನೂ ಬಾಸಿಗೇ ಕಟ್ಟುವುದು. ಎಲ್ಲವೂ ಒಟ್ಟಿಗೆ ಜಿಗಿದರೆ ಯಾವುದೂ ಜಿಗಿದಂತೆ ಕಾಣುವುದಿಲ್ಲ. ಈಗ ಬಾಸ್ ವೃತ್ತಕ್ಕೆ ಮಾತ್ರ. ಡ್ರಮ್ ಸೆಟ್ಟಿನ ತಾಳದಂಥ ಹೈ-ಹ್ಯಾಟಿನ ಎತ್ತರದ ಸದ್ದು ಮೇಲಿನ ಪದರದ ಸಣ್ಣ ಚುಕ್ಕೆಗಳಿಗೆ. ತಳದ ಪದರಕ್ಕೆ ಹಾಡಿನ ವೈರೇ ಇಲ್ಲ. ಅದು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತದೆ. ಬ್ಲೆಂಡ್ ಮೋಡ್, ಅಂದರೆ ಪದರಗಳನ್ನು ಬೆರೆಸುವ ರೀತಿಯ ಬಗ್ಗೆ ಹೇಳುವುದು ಒಂದೇ ಮಾತು: ಮೂರು ಪದರವನ್ನೂ ‘ಆ್ಯಡ್’ ಮಾಡಬೇಡಿ. ಬೆಳಕಿನ ಅಂಕಿ 200ಕ್ಕೆ 200 ಕೂಡಿಸಿದರೂ ಪರದೆಯ ಮಿತಿ 255. ಬಣ್ಣವೆಲ್ಲ ಬಿಳಿಯಾಗಿಬಿಡುತ್ತದೆ.

ಜಾಸ್ತಿ ಹೊತ್ತು ತಿಂದದ್ದು ಫೀಡ್‌ಬ್ಯಾಕ್. ಹಿಂದಿನ ಫ್ರೇಮನ್ನೇ ಸ್ವಲ್ಪ ಮಬ್ಬು ಮಾಡಿ ಮತ್ತೆ ಒಳಗೆ ತಳ್ಳುವ ಸುತ್ತು ಅದು. ಎಷ್ಟು ಮಬ್ಬು ಎಂಬುದರಲ್ಲೇ ಎಲ್ಲ ಇದೆ. ಸೆಕೆಂಡಿಗೆ 60 ಫ್ರೇಮ್ ಇದ್ದಾಗ 0.98ರಿಂದ ಗುಣಿಸುತ್ತಾ ಹೋದರೆ ಸೆಕೆಂಡಿನ ನಂತರವೂ ಸುಮಾರು ಶೇ. 30ರಷ್ಟು ಬೆಳಕು ಉಳಿದಿರುತ್ತದೆ. 0.95 ಆದರೆ ಶೇ. 5 ಕೂಡ ಇಲ್ಲ. ನಾನು 0.98 ಇಟ್ಟೆ, ಬಾಲ ಉದ್ದಕ್ಕೆ ಚೆನ್ನಾಗಿ ಬಂತು.

ಹಾಡು ಮುಗಿಯಿತು. ಪರದೆ ಕಪ್ಪಾಗಲಿಲ್ಲ. ಒಂದು ನಿಮಿಷ ಕಾದೆ. ವೃತ್ತ ಓಡಾಡಿದ ಜಾಗದಲ್ಲೆಲ್ಲ ಬೂದು ಕಲೆ, ಒದ್ದೆ ಲೋಟ ಇಟ್ಟ ಗುರುತಿನ ಹಾಗೆ. ಯಾವುದೋ ಪದರ ಆಫ್ ಆಗಿಲ್ಲ ಅಂತ ಒಂದೊಂದನ್ನೇ ಕಿತ್ತು ನೋಡಿದೆ. ಎಲ್ಲ ಕಿತ್ತರೂ ಕಲೆ ಅಲ್ಲೇ. ಕೊನೆಗೆ ಪಿಕ್ಸೆಲಿನ ಅಂಕಿ ನೋಡಿದೆ: 24. ಮುಂದಿನ ಫ್ರೇಮಿನಲ್ಲೂ 24.

ಕಾಗದದ ಮೇಲೆ ಗುಣಿಸಿದಾಗ ಅರ್ಥವಾಯಿತು. 24ನ್ನು 0.98ರಿಂದ ಗುಣಿಸಿದರೆ 23.52. ನಾನು ಆ ಸುತ್ತನ್ನು 8 ಬಿಟ್‌ನಲ್ಲಿ ಬಿಟ್ಟಿದ್ದೆ. ಅಲ್ಲಿ ಪೂರ್ಣ ಅಂಕಿಗಷ್ಟೇ ಜಾಗ. 23.52 ಮತ್ತೆ 24 ಆಗುತ್ತದೆ. ರಾತ್ರಿಯಿಡೀ ಗುಣಿಸಿದರೂ ಕೆಳಗಿಳಿಯುವುದಿಲ್ಲ.

ದಾರಿ ಎರಡಿತ್ತು. ಗುಣಿಸಿದ ಮೇಲೆ ಪ್ರತಿ ಫ್ರೇಮಿಗೂ ಒಂದು ಅಂಕಿ ಕಳೆಯುವುದು, ಇಲ್ಲವೇ ದಶಮಾಂಶಕ್ಕೂ ಜಾಗವಿರುವ 16 ಬಿಟ್ ಫ್ಲೋಟ್‌ಗೆ ಹೋಗುವುದು. ಕಳೆದು ನೋಡಿದೆ; ಕಲೆ ಹೋಯಿತು, ಬಾಲದ ತೆಳುವಾದ ತುದಿಯೂ ಕತ್ತರಿಸಿಹೋಯಿತು. 16 ಬಿಟ್‌ಗೆ ಮೆಮೊರಿ ಎರಡರಷ್ಟು ಬೇಕು. ಅದಕ್ಕೇ ಫೀಡ್‌ಬ್ಯಾಕ್ ಸುತ್ತಿನ ಮಾಡ್ಯೂಲ್‌ಗಳನ್ನಷ್ಟೇ ಬದಲಿಸಿ, ಉಳಿದದ್ದನ್ನು 8ರಲ್ಲೇ ಬಿಟ್ಟೆ. ಹಾಡು ಮತ್ತೆ ಹಾಕಿ, ನಿಲ್ಲಿಸಿದೆ. ಬಾಲ ತೆಳ್ಳಗಾಗುತ್ತಾ ಹೋಗಿ ಪರದೆ ಪೂರ್ತಿ ಕಪ್ಪಾಯಿತು.