ಟೆರೇಸ್ ಮೇಲೆ ಮಲಗಿ ಉಲ್ಕೆ ನೋಡುವುದು: ನನ್ನ ಅನುಭವ

ಬೆಂಗಳೂರಲ್ಲಿ ಉಲ್ಕೆ ನೋಡೋಕೆ ನಾನು ಡಿಸೆಂಬರ್‌ಗೇ ಕಾಯುವುದು. ಆಗಸ್ಟ್‌ನ ಪರ್ಸೀಡ್ಸ್ ಉಲ್ಕಾಮಳೆಗೆ ಹೆಸರು ಜಾಸ್ತಿ, ಆದರೆ ಆಗ ಇಲ್ಲಿ ಮಳೆಗಾಲ. ಮೋಡ ನೋಡೋಕೆ ಯಾರು ನಿದ್ದೆ ಕೆಡ್ತಾರೆ? ಜೆಮಿನಿಡ್ಸ್ ಎಂಬ ಉಲ್ಕಾಮಳೆ ಜೋರಾಗುವುದು ಡಿಸೆಂಬರ್ 13ರ ರಾತ್ರಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗದಿದ್ದರೆ ಸಾಕು.

ಮೊದಲು ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ನೋಡಿಕೊಳ್ಳುತ್ತೇನೆ. 2023ರಲ್ಲಿ ಅಮಾವಾಸ್ಯೆ ಆಸುಪಾಸು, ಚಂದ್ರನ ಕಾಟವೇ ಇರಲಿಲ್ಲ. 2024ರಲ್ಲಿ ಡಿಸೆಂಬರ್ 15ಕ್ಕೇ ಹುಣ್ಣಿಮೆ. ಸುಮ್ನೆ ಮಲಗೋದೇ ವಾಸಿ ಅನಿಸಿತ್ತು.

ಟೆರೇಸ್‌ನಲ್ಲಿ ನನ್ನ ಜಾಗ ನೀರಿನ ಟ್ಯಾಂಕಿನ ಮರೆ. ಬೀದಿ ದೀಪ ಕಣ್ಣಿಗೆ ಬೀಳಬಾರದು, ಅಷ್ಟೇ. ಕುರ್ಚಿ ಹಾಕಿಕೊಂಡರೆ ಕತ್ತು ನೋಯುತ್ತದೆ. ಚಾಪೆ, ಅದರ ಮೇಲೆ ಹಳೇ ಕಂಬಳಿ, ತಲೆಗೆ ಮಂಕಿ ಕ್ಯಾಪ್. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ತೆಗೆದರೆ ಮತ್ತೆ ಮೊದಲಿಂದ ಶುರು. ಹಾಗಾಗಿ ಅದನ್ನು ಕೆಳಗೇ ಬಿಟ್ಟು ಬರುತ್ತೇನೆ. ಬೈನಾಕ್ಯುಲರ್ ಬೇಡವೇ ಬೇಡ, ಅದರಲ್ಲಿ ಕಾಣುವುದು ಆಕಾಶದ ಚೂರು ಮಾತ್ರ.

ಈ ಉಲ್ಕೆಗಳು ಹೊರಟಂತೆ ಕಾಣುವುದು ಮಿಥುನ ರಾಶಿಯಿಂದ, ಪುನರ್ವಸುವಿನ ಜೋಡಿ ನಕ್ಷತ್ರಗಳ ಹತ್ತಿರದಿಂದ. ರಾತ್ರಿ ಎಂಟರ ಸುಮಾರಿಗೆ ಅವು ಈಶಾನ್ಯದಲ್ಲಿ ಏಳುತ್ತವೆ, ಬೆಳಗಿನ ಜಾವ ಎರಡು ಗಂಟೆ ದಾಟಿದಾಗ ಹೆಚ್ಚುಕಡಿಮೆ ನೆತ್ತಿಯ ಮೇಲೆ. ನಾನು ಹನ್ನೆರಡರ ಮೇಲೇ ಹತ್ತುವುದು. ಆದರೆ ಆ ಜೋಡಿಯನ್ನೇ ದಿಟ್ಟಿಸುವುದಿಲ್ಲ. ಅಲ್ಲಿ ಗೆರೆಗಳು ಗಿಡ್ಡ, ದೂರ ಹೋದಷ್ಟು ಉದ್ದ. ಆಕಾಶ ಎಲ್ಲಿ ಹೆಚ್ಚು ಕಪ್ಪಗಿದೆಯೋ ಅಲ್ಲಿ ಕಣ್ಣಿಡುತ್ತೇನೆ. ಪಕ್ಕದವರು 'ಅಲ್ಲಿ ನೋಡು' ಅಂದರೂ ತಿರುಗಬೇಡಿ, ಅಷ್ಟರಲ್ಲಿ ಅದು ಹೋಗಿರುತ್ತದೆ.

ಪರ್ಸೀಡ್ಸ್ ಸೆಕೆಂಡಿಗೆ 59 ಕಿಲೋಮೀಟರ್ ವೇಗದಲ್ಲಿ ಬಂದರೆ ಇವು ಸುಮಾರು 35. ಅದಕ್ಕೇ ಕಣ್ಣಿಗೆ ಹಿಂಬಾಲಿಸೋಕೆ ಸಿಗುತ್ತವೆ. ಇನ್ನೊಂದು ವಿಶೇಷ, ಇವುಗಳ ಮೂಲ ಮಾಮೂಲಿ ಧೂಮಕೇತು ಅಲ್ಲ. 1983ರಲ್ಲಿ ಕಂಡುಹಿಡಿದ ಫೇಥಾನ್ ಎಂಬ ಕ್ಷುದ್ರಗ್ರಹ.

ಗಂಟೆಗೆ 120, 150 ಉಲ್ಕೆ ಅಂತ ಸುದ್ದಿಯಲ್ಲಿ ಓದಿ ಬಂದವರು ಬೇಜಾರಾಗುತ್ತಾರೆ. ಆ ಲೆಕ್ಕ ಪೂರ್ತಿ ಕತ್ತಲಿನ ಆಕಾಶದ್ದು, ಮಿಥುನ ನೆತ್ತಿಯ ಮೇಲೇ ಇದ್ದಾಗಿನದು. ನಮ್ಮ ಟೆರೇಸಿಗೆ ಸಿಗುವುದು ಗಂಟೆಗೆ ಬೆರಳೆಣಿಕೆಯಷ್ಟು, ಅದೂ ಪ್ರಕಾಶಮಾನವಾದವು. ಜಾಸ್ತಿ ಬೇಕಾದರೆ ಕನಕಪುರದ ಆಚೆ ಯಾರಾದರೂ ಪರಿಚಯದವರ ತೋಟ ಹುಡುಕಿ. ನಂದಿ ಬೆಟ್ಟ ನಂಬಿಕೊಳ್ಳಬೇಡಿ, ರಾತ್ರಿ ಗೇಟು ಹಾಕಿರುತ್ತದೆ.